ಕಂಪಾಸ್ ಮೇಷ್ಟ್ರ ಮಂಡಿ ಬಾಣಂತನ

ಚಾಮರಾಜಪೇಟೆಯ ನಾಲ್ಕನೇ ಮುಖ್ಯರಸ್ತೆಯಲ್ಲಿ ವೆಂಕಟಾಚಲ ಎಂದರೆ ಯಾರಿಗೂ ಗೊತ್ತಾಗುವುದಿಲ್ಲ. ಕಂಪಾಸ್ ಮೇಷ್ಟ್ರು ಎಂದರೆ ಗೇಟಿನವರೆಗೂ ಬಂದು ಬಿಟ್ಟು ಹೋಗುತ್ತಾರೆ. ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ರೇಖಾಗಣಿತ ಹೇಳಿಕೊಟ್ಟ ಮನುಷ್ಯ. ಬೋರ್ಡಿನ ಮೇಲೆ ವೃತ್ತ ಎಳೆಯುವ ಮರದ ಕಂಪಾಸನ್ನು ಅವರು ಬೋರ್ಡಿಗೆ ಎಷ್ಟು ಬಳಸಿದರೋ ಹುಡುಗರ ಬೆನ್ನಿಗೂ ಅಷ್ಟೇ ಬಳಸಿದರು ಎಂದು ಹಳೆಯ ವಿದ್ಯಾರ್ಥಿಗಳು ಹೇಳುತ್ತಾರೆ. ಮೇಷ್ಟ್ರು ಇದನ್ನು ಒಪ್ಪುವುದಿಲ್ಲ. ಬೆನ್ನಿಗೆ ಬಳಸಿದ್ದು ಅಡಿಕೋಲು, ಕಂಪಾಸು ಸರ್ಕಾರದ ಆಸ್ತಿ ಎನ್ನುತ್ತಾರೆ.

ಅರವತ್ತಮೂರನೇ ವಯಸ್ಸಿನಲ್ಲಿ ಅವರ ಬಲಮಂಡಿ ಮುಷ್ಕರ ಹೂಡಿತು. ಆರು ವರ್ಷ ಅದನ್ನು ಓಲೈಸಿದರು. ನಾಟಿ ಎಣ್ಣೆ, ತಾಮ್ರದ ಕಡಗ, ಎಕ್ಕದ ಎಲೆಯ ಕಟ್ಟು, ಕೊನೆಗೆ ಯಾರೋ ಹೇಳಿದರೆಂದು ದಿನಾ ಬೆಳಿಗ್ಗೆ ನೆನೆಸಿದ ಮೆಂತ್ಯ. ಮೆಂತ್ಯದಿಂದ ಮಂಡಿಗೆ ಏನೂ ಆಗಲಿಲ್ಲ, ಹೊಟ್ಟೆಗೆ ಆಯಿತು. ಗಾಂಧಿಬಜಾರಿನವರೆಗೆ ನಡೆದು ಹೋಗುತ್ತಿದ್ದವರು ಮೊದಲು ರಸ್ತೆಯ ತಿರುವಿಗೆ, ಆಮೇಲೆ ಗೇಟಿಗೆ, ಕಡೆಗೆ ಕಕ್ಕಸಿನ ಬಾಗಿಲಿಗೆ ಬಂದು ನಿಂತರು.

ಎಕ್ಸ್‌ರೇ ನೋಡಿದ ಡಾಕ್ಟರ್ ಅನಿಲ್ ಕುಮಾರ್ ಸುತ್ತಿ ಬಳಸಿ ಮಾತಾಡಲಿಲ್ಲ. "ಮೇಷ್ಟ್ರೇ, ಮಧ್ಯೆ ಮೆತ್ತೆ ಅನ್ನೋದೇ ಉಳಿದಿಲ್ಲ. ಮೂಳೆ ಮೇಲೆ ಮೂಳೆ ಕೂತು ಉಜ್ಜಿಕೊಳ್ತಿದೆ" ಎಂದರು. ಸವೆದ ಮೂಳೆಯ ತುದಿಗಳನ್ನು ಕತ್ತರಿಸಿ ಒಪ್ಪ ಮಾಡುವುದು, ಅವುಗಳಿಗೆ ಲೋಹದ ಟೋಪಿ ತೊಡಿಸುವುದು, ನಡುವೆ ಗಟ್ಟಿ ಪ್ಲಾಸ್ಟಿಕ್ಕಿನ ಬಿಲ್ಲೆ ಇಡುವುದು, ಇಷ್ಟನ್ನೂ ಚಿತ್ರ ಬರೆದು ತೋರಿಸಿದರು. ಆಮೇಲೆ ಪೆನ್ನು ಕೆಳಗಿಟ್ಟು ಹೇಳಿದರು: "ನನ್ನ ಕೆಲಸ ಒಂದೂವರೆ ಗಂಟೆ. ನಿಮ್ಮ ಕೆಲಸ ಮೂರು ತಿಂಗಳು. ನಿಮ್ಮ ಕೆಲಸ ನೀವು ಮಾಡ್ದಿದ್ರೆ ನನ್ನ ಕೆಲಸ ದಂಡ."

ಮೇಷ್ಟ್ರು ತಲೆಯಾಡಿಸಿದರು. ಕೊನೇ ಬೆಂಚಿನ ಹುಡುಗರು ಪೈಥಾಗೊರಸ್ ಪ್ರಮೇಯಕ್ಕೆ ತಲೆಯಾಡಿಸುತ್ತಿದ್ದುದೂ ಹೀಗೆಯೇ.

ಆಪರೇಷನ್‌ಗೆ ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸಿದ್ದರು. ನೋವು ತಿಳಿಯಲಿಲ್ಲ. ಆದರೆ ಮಂಪರಿನ ನಡುವೆ ಅವರಿಗೆ ಸದ್ದು ಕೇಳಿಸಿತು. ಗರಗಸದ ಸದ್ದು, ಆಮೇಲೆ ಸುತ್ತಿಗೆಯ ಸದ್ದು. ಪಕ್ಕದ ಬೀದಿಯ ಬಡಗಿ ಮಂಚ ಮಾಡುವಾಗ ಬರುವ ಸದ್ದೇ. ಈ ಮಂಚ ತಮ್ಮದೇ ಕಾಲಿನದು ಎಂದು ಹೊಳೆದ ಕೂಡಲೇ ಮೇಷ್ಟ್ರು ತಮಗೆ ಗೊತ್ತಿದ್ದ ಎಲ್ಲ ದೇವರ ಹೆಸರನ್ನೂ ಹೇಳಿದರು, ಗೊತ್ತಿಲ್ಲದ ಒಂದಿಬ್ಬರದನ್ನೂ ಸೇರಿಸಿದರು. ಇನ್ನು ಜೀವ ಇರುವವರೆಗೂ ಆ ಕೋಣೆಗೆ ಕಾಲಿಡುವುದಿಲ್ಲ ಎಂದು ಅಲ್ಲೇ ಮಲಗಿ ತೀರ್ಮಾನ ಮಾಡಿದರು.

ಮಾರನೆಯ ದಿನವೇ ಅವರನ್ನು ಎಬ್ಬಿಸಿ ವಾಕರ್ ಹಿಡಿಸಿ ನಡೆಸಲು ಬಂದವಳು ಫಿಸಿಯೋಥೆರಪಿಯ ಯಶಶ್ರೀ. ಶ್ರೀರಾಂಪುರದ ಹುಡುಗಿ, ಇಪ್ಪತ್ತೈದು ವರ್ಷ, ಮುಖದಲ್ಲಿ ಕರುಣೆ ಎಂಬುದು ಹುಡುಕಿದರೂ ಸಿಗುತ್ತಿರಲಿಲ್ಲ. ಅವಳ ಕೈಯಲ್ಲಿ ಎರಡು ತೋಳಿನ ಪ್ಲಾಸ್ಟಿಕ್ ಕೋನಮಾಪಕವಿತ್ತು. ಅದನ್ನು ಕಂಡ ಮೇಷ್ಟ್ರಿಗೆ ಸ್ವಲ್ಪ ಧೈರ್ಯ ಬಂತು.

"ಕಾಲು ನೇರ ಚಾಚಿದ್ರೆ ಸೊನ್ನೆ, ಸರ್. ಬಗ್ಗಿಸ್ತಾ ಹೋದ ಹಾಗೆ ಡಿಗ್ರಿ ಜಾಸ್ತಿ ಆಗತ್ತೆ" ಎಂದಳು ಯಶಶ್ರೀ.

"ಸರಳರೇಖೆ ನೂರೆಂಬತ್ತು ಡಿಗ್ರಿ ಕಣಮ್ಮ. ಯಾರು ನಿಂಗೆ ಗಣಿತ ಹೇಳ್ಕೊಟ್ಟಿದ್ದು?"

"ನಿಮ್ಮಂಥೋರೇ ಸರ್. ಅದಕ್ಕೇ ಈ ಕೆಲಸಕ್ಕೆ ಬಂದೆ. ಈಗ ಬಗ್ಸಿ."

ಮನೆಗೆ ಕಳುಹಿಸುವ ದಿನ ಡಾಕ್ಟರು ಒಂದು ಸಂಖ್ಯೆ ಹೇಳಿದರು. ಆರು ವಾರಕ್ಕೆ ಸರಿಯಾಗಿ ತೋರಿಸಲು ಬರಬೇಕು. ಅಷ್ಟರಲ್ಲಿ ಮಂಡಿ ತೊಂಬತ್ತು ಡಿಗ್ರಿಯ ಹತ್ತಿರವಾದರೂ ಬಗ್ಗಬೇಕು, ಅಂದರೆ ಕುರ್ಚಿಯಲ್ಲಿ ಎಲ್ಲರಂತೆ ಕೂರುವಷ್ಟು. ಒಳಗೆ ಗಾಯ ಮಾಯುವಾಗ ಅಂಟು ಕಟ್ಟಿಕೊಂಡು ಮಂಡಿ ಬಿಗಿದುಬಿಟ್ಟರೆ ಮತ್ತೆ ಆಪರೇಷನ್ ಕೋಣೆಗೆ ಕರೆದುಕೊಂಡು ಹೋಗಿ, ಪ್ರಜ್ಞೆ ತಪ್ಪಿಸಿ, ಕಾಲು ಹಿಡಿದು ಬಗ್ಗಿಸಬೇಕಾಗುತ್ತದೆ. ಇದನ್ನು ಕೇಳಿದಾಗ ಮೇಷ್ಟ್ರ ಕಿವಿಯಲ್ಲಿ ಸುತ್ತಿಗೆ ಬಡಿಯಿತು. ಮನೆಗೆ ಬಂದ ಮೊದಲ ದಿನವೇ ವ್ಯಾಯಾಮದ ಚಾರ್ಟನ್ನು ಫ್ರಿಜ್ಜಿನ ಮೇಲೆ ಅಂಟಿಸಿ ತಾವೇ ಸ್ಕೇಲು ಹಿಡಿದು ಗೆರೆ ಎಳೆದರು.

ಆಪರೇಷನ್ ಆದ ಏಳನೆಯ ದಿನ ಮಲ್ಲೇಶ್ವರದಿಂದ ಗೋದಕ್ಕ ಬಂದರು.

ಗೋದಕ್ಕ ಮೇಷ್ಟ್ರಿಗಿಂತ ಏಳು ವರ್ಷ ದೊಡ್ಡವರು. ತಾಯಿ ಹಾಸಿಗೆ ಹಿಡಿದಿದ್ದಾಗ ತಮ್ಮನಿಗೆ ಅನ್ನ ಕಲೆಸಿ ಹಾಕಿ ಬೆಳೆಸಿದವರು. ಅವರ ಪ್ರಸಿದ್ಧಿ ಬಾಣಂತನದಲ್ಲಿ. ನೆಂಟರಲ್ಲಿ, ಬೀದಿಯಲ್ಲಿ, ಬೀದಿಯವರ ನೆಂಟರಲ್ಲಿ, ಒಟ್ಟು ಅರವತ್ತಕ್ಕೂ ಹೆಚ್ಚು ಬಾಣಂತಿಯರನ್ನು ಎರೆದು, ಒಣಗಿಸಿ, ಉಣ್ಣಿಸಿ ಎಬ್ಬಿಸಿದ್ದಾರೆ. ಬಾಗಿಲಲ್ಲಿ ಆಟೊ ನಿಂತಾಗ ಅವರ ಬಟ್ಟೆಯ ಚೀಲ ಒಂದೇ ಇತ್ತು. ಒಣಶುಂಠಿ, ಕಾಳುಮೆಣಸು, ಅಂಟು, ಬೆಣ್ಣೆ ಕಾಯಿಸಿದ ತುಪ್ಪ, ಸಾಂಬ್ರಾಣಿಯ ಗಂಟು ಮೂರು.

"ಏನತ್ತಿಗೆ ಇದೆಲ್ಲ?" ಎಂದರು ಮೇಷ್ಟ್ರ ಹೆಂಡತಿ ಯಮುನಾ.

"ಮಗು ಹೆತ್ತೋರಿಗೆ ಮಾಡಿದೀನಿ, ಮಂಡಿ ಹೆತ್ತೋನಿಗೆ ಮಾಡಕ್ಕಾಗಲ್ವಾ? ಕೊಯ್ದ ಮೈ ಅಂದ್ಮೇಲೆ ಎಲ್ಲಾ ಒಂದೇ ಕಣೇ. ನಲವತ್ತು ದಿನ ಅಲ್ಲಾಡಬಾರದು."

"ನಡೀಬೇಕು ಅಂದಿದಾರೆ ಡಾಕ್ಟ್ರು."

"ಡಾಕ್ಟ್ರು ಗಂಡಸು. ಅವನಿಗೇನು ಗೊತ್ತು?"

ಮೇಷ್ಟ್ರೂ ಗಂಡಸೇ ಎಂಬ ಮಾತು ಅಲ್ಲಿ ಯಾರಿಗೂ ನೆನಪಾಗಲಿಲ್ಲ. ಒಂದು ಗಂಟೆಯೊಳಗೆ ಅವರ ತಲೆಗೆ ಉಣ್ಣೆಯ ಸ್ಕಾರ್ಫು, ಕಿವಿಗೆ ಹತ್ತಿ ಬಂತು. ಕಿಟಕಿ ಮುಚ್ಚಿತು. ಮಂಚದ ಕೆಳಗೆ ಸಾಂಬ್ರಾಣಿ ಹೊಗೆಯಾಡಿತು. ಗೋದಕ್ಕ ಗಾಯದ ಕಟ್ಟನ್ನು ಮಾತ್ರ ಮುಟ್ಟಲಿಲ್ಲ, ಅಷ್ಟು ಹೆದರಿಕೆ ಅವರಿಗೂ ಇತ್ತು. ಅದರ ಸುತ್ತ ಬಿಸಿನೀರಿನ ಚೀಲ ಇಟ್ಟರು. ಮಂಡಿಯ ಕೆಳಗೆ ಎರಡು ದಿಂಬು ಮಡಚಿ ಕೊಟ್ಟರು. ಕಾಲು ಸ್ವಲ್ಪ ಮಡಿಸಿಕೊಂಡು ದಿಂಬಿನ ಮೇಲೆ ಕೂತ ಕೂಡಲೇ ಎಳೆತ ನಿಂತು ಮೇಷ್ಟ್ರಿಗೆ ಆರು ದಿನದಲ್ಲಿ ಮೊದಲ ಸಲ ಸುಖ ಎನಿಸಿತು. ನೋವಿನ ಮಾತ್ರೆ ಉಷ್ಣ ಎಂದು ಗೋದಕ್ಕ ಅದನ್ನು ನಿಲ್ಲಿಸಿದರು. ರಕ್ತ ತೆಳುವಾಗಿಸುವ ಮಾತ್ರೆಯನ್ನೂ ನಿಲ್ಲಿಸಲು ಹೊರಟಾಗ ಯಮುನಾ ಅದನ್ನು ಸೆರಗಿಗೆ ಗಂಟು ಹಾಕಿಕೊಂಡು, ದಿನಾ ಕಾಫಿಯ ಜೊತೆ ಗುಟ್ಟಾಗಿ ಕೊಟ್ಟರು.

ಮಧ್ಯಾಹ್ನ ಎಂದಿನಂತೆ ವ್ಯಾಯಾಮ ಮಾಡಿಸಲು ಮನೆಗೆ ಬಂದ ಯಶಶ್ರೀಯನ್ನು ಗೋದಕ್ಕ ಬಾಗಿಲಲ್ಲೇ ತಡೆದರು. "ಹಸೀ ಮೈಯಿ ಕಣಮ್ಮ, ಮಲಗಿದಾನೆ. ನಾವೇ ಮನೇಲಿ ಮಾಡಿಸ್ತೀವಿ, ನೀನು ಬರೋದು ಬೇಡ" ಎಂದರು.

ಒಳಗೆ ಮಲಗಿದ್ದ ಮೇಷ್ಟ್ರಿಗೆ ಎಚ್ಚರವಿತ್ತು. ಒಂದು ಮಾತು ಕೂಗಿ ಹೇಳಿದ್ದರೆ ಆಗುತ್ತಿತ್ತು. ಆದರೆ ಅಕ್ಕನಿಗೆ ಎದುರಾಡಿದ ಅಭ್ಯಾಸ ಅವರಿಗೆ ಎಪ್ಪತ್ತರ ಹತ್ತಿರವಾದರೂ ಬಂದಿರಲಿಲ್ಲ. ಇನ್ನೊಂದು ಕಾರಣವೂ ಇತ್ತು, ಅದನ್ನೂ ಹೇಳಿಬಿಡಬೇಕು. ಹಿಂದಿನ ದಿನ ಆ ಹುಡುಗಿ ಮಂಡಿ ಬಗ್ಗಿಸಿದಾಗ ಮೇಷ್ಟ್ರು ಅತ್ತಿದ್ದರು. ದಿಂಬಿನ ಮೇಲೆ ಅಳು ಬರುತ್ತಿರಲಿಲ್ಲ.

ಡಿಗ್ರಿಗಳನ್ನು ಬರೆದು ವಾಟ್ಸಾಪಿನಲ್ಲಿ ಕಳಿಸಿ ಎಂದು ಯಶಶ್ರೀ ಯಮುನಾ ಕೈಲಿ ಹೇಳಿ ಹೋಗಿದ್ದಳು. ಮೊದಲ ದಿನ ಮೇಷ್ಟ್ರು ನಿಜವಾಗಿಯೇ ಬಗ್ಗಿಸಲು ಹೊರಟರು. ಮಾತ್ರೆ ಇಲ್ಲದ ಮಂಡಿ ಮುಟ್ಟಗೊಡಲಿಲ್ಲ. ಆಗ ಅವರು ಚಾರ್ಟಿನಲ್ಲಿ ಐವತ್ತೆಂಟು ಎಂದು ಬರೆದರು. ಮಾರನೆಯ ದಿನ ಅರವತ್ತು. ಅದರ ಮಾರನೆಯ ದಿನ ಅರವತ್ತೆರಡು. ಮೂವತ್ತನಾಲ್ಕು ವರ್ಷ ಕಾಪಿ ಹೊಡೆಯುವವರನ್ನು ಕಿವಿ ಹಿಡಿದು ಎಬ್ಬಿಸಿದ ಮನುಷ್ಯ, ಅಡ್ಡಕ್ಕೆ ಮಲಗಿ, ಕಿವಿಗೆ ಹತ್ತಿ ಇಟ್ಟುಕೊಂಡು, ತನ್ನದೇ ಮಂಡಿಯ ಹೆಸರಿನಲ್ಲಿ ಸುಳ್ಳು ಉತ್ತರ ಬರೆಯುತ್ತಾ ಹೋದರು. ಹದಿನಾಲ್ಕನೆಯ ದಿನ ಹೊಲಿಗೆಯ ಪಿನ್ನು ತೆಗೆಸಲು ಹೋದಾಗ ನರ್ಸು "ಎಕ್ಸರ್‌ಸೈಜ್ ಮಾಡ್ತಿದೀರಾ?" ಎಂದು ಕೇಳಿದಳು. ಮೇಷ್ಟ್ರು ಚಾರ್ಟು ತೋರಿಸಿದರು. ಅವಳು ಗುಡ್ ಎಂದಳು. ಆ ಗುಡ್ ಕೇಳಿ ಅವರಿಗೆ ನಾಚಿಕೆಯಾಯಿತು, ಆದರೂ ಮನೆಗೆ ಬಂದು ಎಪ್ಪತ್ತೆರಡು ಬರೆದರು.

ಊಟ ಮೆಣಸಿನ ಸಾರು, ತುಪ್ಪ, ಸಂಜೆಗೆ ಅಂಟಿನುಂಡೆ. ನೀರು ಕುಡಿದರೆ ಮೈಗೆ ನೀರು ಸೇರುತ್ತದೆಂದು ದಿನಕ್ಕೆ ನಾಲ್ಕೇ ಲೋಟ. ಇದರ ಫಲವಾಗಿ ನಾಲ್ಕು ದಿನ ಮೇಷ್ಟ್ರ ಹೊಟ್ಟೆಯಿಂದ ಏನೂ ಹೊರಗೆ ಬರಲಿಲ್ಲ. ಬಾಯಿಂದ ಮಾತ್ರ ಬರಬಾರದ್ದೆಲ್ಲ ಬಂತು.

"ಬಾಣಂತಿಗೆ ಇಷ್ಟು ಕೋಪ ಇರಬಾರದು, ಹಾಲು ಇಂಗೋಗತ್ತೆ" ಎಂದು ಯಮುನಾ ಅಡುಗೆಮನೆಯಿಂದಲೇ ಹೇಳಿದರು.

ಇಪ್ಪತ್ತನಾಲ್ಕನೆಯ ದಿನ ಬೆಳಿಗ್ಗೆ ಹೇಳದೆ ಕೇಳದೆ ಯಶಶ್ರೀ ಬಂದಳು. ಗೋದಕ್ಕ ಬಾಗಿಲಿಗೆ ಅಡ್ಡ ನಿಂತರು.

"ಅಜ್ಜಿ, ಬಿಸಿಲು. ಒಂದು ಲೋಟ ನೀರು ಕೊಡ್ತೀರಾ?"

ಬಾಗಿಲಿಗೆ ಬಂದವರಿಗೆ ನೀರು ಇಲ್ಲ ಎನ್ನುವುದು ಗೋದಕ್ಕನಿಂದ ಆಗದ ಕೆಲಸ. ಅವರು ಅಡುಗೆಮನೆಗೆ ತಿರುಗುವಷ್ಟರಲ್ಲಿ ಹುಡುಗಿ ಮಂಚದ ಪಕ್ಕದಲ್ಲಿದ್ದಳು. ಸ್ಕಾರ್ಫು ನೋಡಿದಳು, ಹತ್ತಿ ನೋಡಿದಳು, ಹೊಗೆ ನೋಡಿದಳು.

"ಸರ್, ಮಗು ಎಲ್ಲಿ?"

ಮೇಷ್ಟ್ರು ಗೋಡೆಯ ಕಡೆ ತಿರುಗಿದರು.

ಯಶಶ್ರೀ ಮೊದಲು ಮೀನಖಂಡವನ್ನು ಒತ್ತಿ ನೋಡಿದಳು. ಅಲ್ಲಿ ಬಿಗಿತ ಇದೆಯೇ, ನೋವು ಇದೆಯೇ, ಜ್ವರ ಬಂದಿತ್ತೇ, ಗಾಯದಲ್ಲಿ ನೀರು ಜಿನುಗಿತ್ತೇ ಎಂದು ಒಂದೊಂದಾಗಿ ಕೇಳಿದಳು. ಇಲ್ಲ, ರಕ್ತ ತೆಳುವಾಗಿಸುವ ಮಾತ್ರೆ ತಪ್ಪಿಸಿಲ್ಲ ಎಂದ ಮೇಲೆ ಅವಳ ಮುಖ ಸ್ವಲ್ಪ ಸಡಿಲವಾಯಿತು. "ಕಾಲಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋದ್ರೆ ಮಂಡಿ ಬಗ್ಗಿಸೋ ತಾಪತ್ರಯನೇ ಇರಲ್ಲ ಸರ್. ಆ ಮಾತ್ರೆ ಆದ್ರೂ ತಗೊಂಡಿದೀರಲ್ಲ, ಪುಣ್ಯ." ಬಾಗಿಲ ಬಳಿ ಯಮುನಾ ತಮ್ಮ ಸೆರಗನ್ನು ಮುಟ್ಟಿ ನೋಡಿಕೊಂಡರು.

ಆಮೇಲೆ ಅವಳು ದಿಂಬು ಎಳೆದು ಬಿಸಾಡಿ ಕೋನಮಾಪಕ ಹಿಡಿದಳು. ಮೇಷ್ಟ್ರು ಸೊಂಟ ಎತ್ತಿ ಡಿಗ್ರಿ ಕದಿಯಲು ನೋಡಿದರು. ಅವಳು ಸೊಂಟದ ಮೇಲೆ ಕೈ ಇಟ್ಟು ಒತ್ತಿದಳು.

"ಐವತ್ತೆರಡು. ಚಾರ್ಟಲ್ಲಿ ತೊಂಬತ್ತು ಇದೆ. ಕಾಲು ನೇರಾನೂ ಆಗ್ತಿಲ್ಲ, ಹದಿನಾಲ್ಕು ಡಿಗ್ರಿ ಮಡಿಸ್ಕೊಂಡೇ ನಿಂತಿದೆ. ಅದು ದಿಂಬಿನ ಕೃಪೆ."

"ಹೇಗೆ ಗೊತ್ತಾಯ್ತು ನಿಂಗೆ?" ಎಂದರು ಮೇಷ್ಟ್ರು ಮೆಲ್ಲಗೆ.

"ದಿನಾ ಎರಡೆರಡೇ ಏರತ್ತೆ ಸರ್ ನಿಮ್ಮ ಮಂಡಿ. ನಿಜವಾದ ಮಂಡಿ ಒಂದಿನ ಏರತ್ತೆ, ಒಂದಿನ ಊದ್ಕೊಂಡು ಇಳಿಯತ್ತೆ. ಕಾಪಿ ಹೊಡೆಯೋಕೂ ಬುದ್ಧಿ ಬೇಕಲ್ವಾ?"

ನೀರಿನ ಲೋಟ ಹಿಡಿದು ನಿಂತಿದ್ದ ಗೋದಕ್ಕ ಸಿಡಿದರು. "ಏ ಹುಡುಗಿ, ಮರ್ಯಾದೆಯಿಂದ ಮಾತಾಡು. ನಲವತ್ತು ದಿನ ಆಗ್ಲಿ, ತಾನೇ ಬಗ್ಗತ್ತೆ."

ಆಗ ಮೇಷ್ಟ್ರು, ಗೋಡೆಯನ್ನೇ ನೋಡುತ್ತಾ, ಮೂರು ವಾರದಿಂದ ನುಂಗಿಕೊಂಡಿದ್ದನ್ನು ಹೇಳಿದರು. "ಬಗ್ಗಲ್ಲ ಅಕ್ಕ. ಇನ್ನು ಹದಿನೆಂಟು ದಿನದಲ್ಲಿ ತೊಂಬತ್ತರ ಹತ್ರ ಬರ್ಲಿಲ್ಲ ಅಂದ್ರೆ ಮತ್ತೆ ಒಳಗೆ ಕರ್ಕೊಂಡೋಗಿ ಪ್ರಜ್ಞೆ ತಪ್ಪಿಸಿ ಬಗ್ಗಿಸ್ತಾರೆ. ನಂಗೆ ಆ ರೂಮು ಅಂದ್ರೆ ಭಯ. ಸದ್ದು ಇನ್ನೂ ಕಿವೀಲಿದೆ."

ಗೋದಕ್ಕ ಲೋಟವನ್ನು ಮೇಜಿನ ಮೇಲೆ ಕುಕ್ಕಿದರು. "ಮುಂಡೇದೇ, ಇದನ್ನ ಮೊದಲೇ ಬೊಗಳಕ್ಕೆ ಏನಾಗಿತ್ತು ನಿಂಗೆ?"

"ನಿಂಗೆ ಯಾರು ಹೇಳ್ತಾರೆ?"

"ಯಾಕೆ, ನಾನೇನು ಹುಲಿನಾ?"

ಯಮುನಾ ಕೆಮ್ಮಿದರು.

ಗೋದಕ್ಕ ಮಂಚದ ತುದಿಯಲ್ಲಿ ಕೂತರು. ತಾವು ಮಡಚಿ ಕೊಟ್ಟಿದ್ದ ದಿಂಬನ್ನು ನೆಲದಿಂದ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡರು. ಯಶಶ್ರೀ ನೀರು ಕುಡಿದು ಮುಗಿಸಿ ಅವರ ಪಕ್ಕದಲ್ಲೇ ಕೂತಳು.

"ಅಜ್ಜಿ, ಬಾಣಂತಿಗೆ ಹೊಟ್ಟೆ ಕಟ್ತೀರಲ್ಲ, ಬಿಗಿಯಾಗಿ ಕಟ್ತೀರಾ?"

"ಉಸಿರು ಸಿಕ್ಕೊಳ್ಳೋ ಹಾಗೆ ಕಟ್ತೀನಿ."

"ಅವಳು ಅತ್ರೆ?"

"ಅಳ್ತಾಳೆ. ಬಿಟ್ರೆ ಹೊಟ್ಟೆ ಜೋತು ಬೀಳತ್ತೆ."

"ಇದೂ ಹಾಗೇ ಅಜ್ಜಿ. ಅಳ್ತಾರೆ. ಬಿಟ್ರೆ ಬಿಗಿಯತ್ತೆ. ನಂಗೆ ದಿನಾ ಬರೋಕಾಗಲ್ಲ. ಮನೇಲಿ ಕೈಗಟ್ಟಿ ಇರೋರು ಒಬ್ರು ಬೇಕು."

ಗೋದಕ್ಕ ಆ ಹುಡುಗಿಯನ್ನು ಮೊದಲ ಸಲ ಸರಿಯಾಗಿ ನೋಡಿದರು. ಆಮೇಲೆ ತಮ್ಮನ ಕಿವಿಯ ಹತ್ತಿಯನ್ನು ತಾವೇ ಕಿತ್ತರು. "ಹೇಳು. ಏನೇನು ಮಾಡ್ಬೇಕು?"

ಮೇಷ್ಟ್ರ ನಿಜವಾದ ಕಷ್ಟ ಶುರುವಾದದ್ದು ಆಗ.

ಬಿಸಿನೀರಿನ ಚೀಲ ಅಟ್ಟ ಸೇರಿತು. ಬಿಸಿ ಇಟ್ಟರೆ ಊತ ಏರುತ್ತದೆ, ತಂಪು ಇಡಬೇಕು ಎಂದಿದ್ದಳು ಯಶಶ್ರೀ. ಫ್ರೀಜರಿನಲ್ಲಿದ್ದ ಬಟಾಣಿಯ ಪೊಟ್ಟಣವನ್ನು ಬಟ್ಟೆಯಲ್ಲಿ ಸುತ್ತಿ ಮಂಡಿಯ ಮೇಲೆ ಇಟ್ಟರು. ಆ ಬಟಾಣಿಯನ್ನು ಮಾತ್ರ ಸಾಗುವಿಗೆ ಹಾಕಬೇಡ ಎಂದು ಮೇಷ್ಟ್ರು ಹೆಂಡತಿಗೆ ಎರಡು ಸಲ ಹೇಳಿದರು. ದಿಂಬು ಈಗ ಹಿಮ್ಮಡಿಯ ಕೆಳಗೆ, ಮಂಡಿಯ ಕೆಳಗೆ ಖಾಲಿ. ಕಾಲು ತನ್ನ ಭಾರಕ್ಕೆ ತಾನೇ ಜಗ್ಗಿ ನೇರವಾಗಬೇಕು. ನೋಡಲು ಏನೂ ಇಲ್ಲ, ಹತ್ತು ನಿಮಿಷ ಹಾಗೆ ಮಲಗಿದವರಿಗೇ ಗೊತ್ತು. ನೋವಿನ ಮಾತ್ರೆ ವ್ಯಾಯಾಮಕ್ಕೆ ಅರ್ಧ ಗಂಟೆ ಮೊದಲು. ಮೆಣಸಿನ ಸಾರಿನ ಜಾಗಕ್ಕೆ ಬೇಳೆ, ಹುರುಳಿಕಾಯಿ, ಮೊಸರು ಬಂತು. ನೀರಿನ ಲೆಕ್ಕ ಹೋಯಿತು. ಎರಡನೆಯ ದಿನ ಮೇಷ್ಟ್ರು ಕಮೋಡಿನ ಮೇಲೆ ಹಾಕಿದ್ದ ಎತ್ತರದ ಸೀಟಿನಿಂದ ಇಳಿದು ಬಂದಾಗ ಅವರ ಮುಖದಲ್ಲಿ ಇದ್ದ ಶಾಂತಿ ಯಾವ ಮಠದಲ್ಲೂ ಸಿಗುವಂಥದ್ದಲ್ಲ.

ಬಗ್ಗಿಸುವುದು ದಿನಕ್ಕೆ ಮೂರು ಸಲ. ಮೇಷ್ಟ್ರು ಕುರ್ಚಿಯಲ್ಲಿ ಕೂತು ಪಾದವನ್ನು ನೆಲದ ಮೇಲೆ ಹಿಂದಕ್ಕೆ ಜಾರಿಸಬೇಕು. ಗೋದಕ್ಕ ಎದುರಿಗೆ ಸ್ಟೂಲ್ ಹಾಕಿ ಕೂತು ಎಣಿಸುತ್ತಿದ್ದರು.

"ಎಳಿ ಹಿಂದಕ್ಕೆ. ಇನ್ನೂ. ಇನ್ನೂ ಕಣೋ."

"ಸಾಯ್ತೀನಿ ಅಕ್ಕ!"

"ಬಗ್ಗಿಸಿ ಸಾಯಿ. ಐದು... ಆರು... ಆರು..."

"ಆರು ಆಗ್ಲೇ ಹೇಳ್ದೆ!"

"ಸೊಂಟ ಎತ್ತಿದೆ, ಅದಕ್ಕೆ ಅದು ಲೆಕ್ಕಕ್ಕಿಲ್ಲ. ಆರು..."

ಕೂಗು ಬೀದಿಗೆ ಕೇಳಿ ಪಕ್ಕದ ಮನೆಯವರು ಒಂದು ದಿನ ಗೇಟಿನ ಬಳಿ ಬಂದು ನಿಂತರು. ಯಮುನಾ ಹೊರಗೆ ಹೋಗಿ "ಏನಿಲ್ಲ, ನಮ್ಮತ್ತಿಗೆ ಅವರ ತಮ್ಮನ್ನ ಮಾತಾಡಿಸ್ತಿದಾರೆ" ಎಂದು ಬಂದರು.

ಚಾರ್ಟನ್ನು ಈಗ ಯಮುನಾ ಬರೆಯುತ್ತಿದ್ದರು. ಐವತ್ತೈದು, ಅರವತ್ತು, ಐವತ್ತೆಂಟು, ಅರವತ್ತೈದು. ಅರವತ್ತೈದರಲ್ಲಿ ಮಂಡಿ ಮೂರು ದಿನ ಕೂತುಬಿಟ್ಟಿತು. ಆ ಮೂರನೆಯ ಸಂಜೆ ಮೇಷ್ಟ್ರು ಇನ್ನು ಏನಾದರೂ ಆಗಲಿ, ಸುತ್ತಿಗೆಯೇ ಬರಲಿ ಎಂದು ಕುರ್ಚಿಯಲ್ಲಿ ಕಣ್ಣುಮುಚ್ಚಿದರು. ಗೋದಕ್ಕ ಬೈಯಲಿಲ್ಲ. ಸ್ಟೂಲನ್ನು ಹತ್ತಿರ ಎಳೆದುಕೊಂಡು, "ತಪ್ಪು ನಂದೂ ಇದೆ ಕಣೋ. ಹದಿನೇಳು ದಿನ ನಾನೇ ಹಾಳು ಮಾಡ್ದೆ" ಎಂದರು. ಅಕ್ಕ ಹೀಗೆ ಮಾತಾಡಿದ್ದು ಬೈಗುಳಕ್ಕಿಂತ ಕಷ್ಟವಾಯಿತು. ಮೇಷ್ಟ್ರು ಪಾದವನ್ನು ಹಿಂದಕ್ಕೆ ಎಳೆದರು. ಏನೋ ಒಂದು ಒಳಗೆ ಬಿಟ್ಟುಕೊಟ್ಟಂತಾಯಿತು. ಎಪ್ಪತ್ತು.

ಮೂವತ್ತೈದನೆಯ ದಿನ ವಾಕರ್ ಬಿಟ್ಟು ಕೋಲು ಹಿಡಿದು ತಿರುವಿನ ಹೋಟೆಲಿನವರೆಗೆ ನಡೆದರು. ಹೋಟೆಲಿಗೆ ಮೂರು ಮೆಟ್ಟಿಲು. ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು ಎಂದು ಯಶಶ್ರೀ ಕಲಿಸಿದ್ದಳು. ಮೇಷ್ಟ್ರು ಅದನ್ನು ಸೂತ್ರದಂತೆ ಬಾಯಲ್ಲಿ ಹೇಳಿಕೊಂಡೇ ಹತ್ತಿದರು. ನಿಂತುಕೊಂಡು ಕಾಫಿ ಕುಡಿದರು. ಅಂದು ಸಂಜೆ ಮಂಡಿ ಬುರುಬುರು ಊದಿ ಡಿಗ್ರಿ ಎಂಬತ್ತೊಂದರಿಂದ ಎಪ್ಪತ್ತಾರಕ್ಕೆ ಇಳಿಯಿತು. ಯಮುನಾ ಎಪ್ಪತ್ತಾರನ್ನೇ ಬರೆದರು.

ಆರು ವಾರ ತುಂಬಿದ ದಿನ ಮೂವರೂ ಆಸ್ಪತ್ರೆಗೆ ಹೋದರು. ಮೇಷ್ಟ್ರು ಹಿಂದಿನ ದಿನದಿಂದ ಸರಿಯಾಗಿ ಊಟ ಮಾಡಿರಲಿಲ್ಲ. ಡಾಕ್ಟರ ಕೋಣೆಗೆ ಹೋಗುವ ಓಣಿಯ ಕೊನೆಯಲ್ಲಿ ಆಪರೇಷನ್ ಕೋಣೆಯ ಬಾಗಿಲು ಕಾಣುತ್ತಿತ್ತು. ಅವರು ಅತ್ತ ನೋಡದೆ ನಡೆದರು.

ಡಾಕ್ಟರ್ ಅನಿಲ್ ಕುಮಾರ್ ಚಾರ್ಟನ್ನು ಕೇಳಲೂ ಇಲ್ಲ. ಮಂಚದ ಮೇಲೆ ಮಲಗಿಸಿ, ಕೋನಮಾಪಕ ಹಿಡಿದು, ಮಂಡಿ ಬಗ್ಗಿಸಿದರು. ಗೋದಕ್ಕ ಉಸಿರು ಹಿಡಿದು ನಿಂತರು.

"ಎಂಬತ್ತೊಂಬತ್ತು."

"ಇನ್ನೊಂದ್ಸಲ ಅಳೀತೀರಾ ಡಾಕ್ಟ್ರೇ?" ಎಂದರು ಮೇಷ್ಟ್ರು. ಅವರ ದನಿ ಒಂದು ಅಂಕಕ್ಕೆ ಫೇಲಾದ ಹುಡುಗನ ದನಿಯಂತಿತ್ತು.

"ಯಾಕೆ? ಇದು ಎಸ್ಸೆಸ್ಸೆಲ್ಸಿ ಅಲ್ಲ ಮೇಷ್ಟ್ರೇ. ಯಶಶ್ರೀ ಎಲ್ಲಾ ಹೇಳಿದಾಳೆ ನಂಗೆ. ಹದಿನೆಂಟು ದಿನದಲ್ಲಿ ಐವತ್ತೆರಡರಿಂದ ಇಲ್ಲಿಗೆ ಬಂದಿದೆ ಅಂದ್ರೆ ಏರ್ತಾ ಇದೆ. ಏರ್ತಾ ಇರೋ ಮಂಡೀನ ನಾನ್ಯಾಕೆ ಮಲಗಿಸಿ ಬಗ್ಗಿಸ್ಲಿ? ಒಳಗೆ ಕರ್ಕೊಂಡೋಗಲ್ಲ." ಆಮೇಲೆ ಕಾಲು ನೇರ ಮಾಡಿ ನೋಡಿ ಹುಬ್ಬು ಗಂಟಿಕ್ಕಿದರು. "ಇಲ್ಲಿ ಇನ್ನೂ ಐದು ಡಿಗ್ರಿ ಬಾಕಿ. ಇದನ್ನ ಬಿಟ್ರೆ ಕುಂಟ್ತೀರಿ. ಹಿಮ್ಮಡಿ ಕೆಳಗೆ ದಿಂಬು ಇಡೋದನ್ನ ನಿಲ್ಲಿಸಬೇಡಿ. ಬಿಸಿ, ಊತ ಇನ್ನೂ ಕೆಲವು ತಿಂಗಳು ಇರತ್ತೆ, ಹೆದರ್ಬೇಡಿ."

"ನೆಲದ ಮೇಲೆ ಕೂತು ಊಟ ಮಾಡೋದು ಯಾವಾಗ?" ಎಂದು ಕೇಳಿದರು ಗೋದಕ್ಕ.

"ಆ ಆಸೆ ಇಟ್ಕೋಬೇಡಿ ಅಮ್ಮ. ಕುರ್ಚಿ, ಮೇಜು."

ಮೇಷ್ಟ್ರು ಮಂಚದಿಂದ ಇಳಿದು ಡಾಕ್ಟರ ಎದುರಿನ ಕುರ್ಚಿಯಲ್ಲಿ ಕೂತರು. ಎರಡು ಪಾದವೂ ನೆಲದ ಮೇಲೆ ಒಂದೇ ಗೆರೆಯಲ್ಲಿ ಇದ್ದವು. ಒಂದು ಕಾಲು ಮುಂದೆ ಚಾಚಿಕೊಂಡು ದಾರಿಗೆ ಅಡ್ಡವಾಗಿರಲಿಲ್ಲ. ಅವರು ಅದನ್ನೇ ನೋಡುತ್ತಾ ಕೂತರು. ಡಾಕ್ಟರು ಚೀಟಿ ಬರೆದು ಕೊಟ್ಟಾಯಿತು, ಬಾಗಿಲಲ್ಲಿ ಮುಂದಿನ ರೋಗಿ ಇಣುಕಿದ್ದಾಯಿತು, ಮೇಷ್ಟ್ರು ಏಳಲಿಲ್ಲ.

"ಏಳೋ, ಇದೇನು ನಿಮ್ಮಪ್ಪನ ಮನೆ ಕುರ್ಚಿನಾ?" ಎಂದರು ಗೋದಕ್ಕ.

"ನಮ್ಮಪ್ಪ ನಿಂಗೂ ಅಪ್ಪನೇ ಕಣೇ. ಒಂದು ನಿಮಿಷ ಸುಮ್ನಿರು."

ಅಕ್ಕನಿಗೆ ಅವರು ಸುಮ್ಮನಿರು ಎಂದದ್ದು ಅದೇ ಮೊದಲು. ಯಮುನಾ ಕಿಟಕಿಯ ಕಡೆ ತಿರುಗಿಕೊಂಡರು, ನಗುವಿಗೆ ಅವರ ಹೆಗಲು ಅಲುಗುತ್ತಿತ್ತು. ಮೇಷ್ಟ್ರು ಪೂರ್ತಿ ಒಂದು ನಿಮಿಷ ಹಾಗೇ ಕೂತಿದ್ದು, ಆಮೇಲೆ ಕುರ್ಚಿಯ ಕೈ ಹಿಡಿದು, ಎರಡೂ ಕಾಲಿನ ಮೇಲೆ ಸಮನಾಗಿ ಭಾರ ಹಾಕಿ ಎದ್ದರು.